ತಾತನ ಡಬ್ಬಿಯಲ್ಲಿ ಎರಡು ತೂಬು

ತಾತನ ಫೋನ್ ಬಂದಾಗ ನಾನು ಮೆಸ್ ಕ್ಯೂನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಮೂರನೇ ಸೆಮ್ ಶುರುವಾಗಿ ಎರಡು ವಾರ ಆಗಿತ್ತು ಅಷ್ಟೆ. ತಾತ ತಾವಾಗಿ ಫೋನ್ ಮಾಡೋದು ಕಡಿಮೆ. ಮಾಡಿದರೂ "ಉಂಡಾ? ಮಳೆ ಬಂತಾ?" ಅಂತ ಎರಡು ಪ್ರಶ್ನೆ ಕೇಳಿ ಇಟ್ಟುಬಿಡ್ತಾರೆ. ಅವತ್ತು ಮೂರನೇದೊಂದು ಪ್ರಶ್ನೆ ಇತ್ತು.

"ಡಾಕ್ಟ್ರು ಹೊಸದಾಗಿ ಒಂದು ಮಾತ್ರೆ ಕೊಟ್ಟವ್ರಲ್ಲವ್ವ, ಅದ ನುಂಗುದ್ರೆ ಒಸಿ ಹೊತ್ಗೇ ತಲೆ ಸಿಡೀತದೆ. ಯಾಕವ್ವ?"

ಕ್ಯೂನಲ್ಲಿ ನನ್ನ ಮುಂದೆ ಇನ್ನಿಬ್ಬರೇ ಇದ್ದರು. ಅವತ್ತು ಪೂರಿ ಬೇರೆ. "ಅದು ಸೈಡ್ ಎಫೆಕ್ಟ್ ತಾತ, ಕಾಮನ್. ಏನಾಗಲ್ಲ" ಅಂದೆ. "ಓ, ಸೈಡ್ ಎಫೆಕ್ಟಾ" ಅಂದರು ತಾತ. ಇಟ್ಟರು. ನನಗೆ ಪೂರಿ ಸಿಕ್ಕಿತು.

ಗಣೇಶನ ಹಬ್ಬ ಮುಗಿದ ಎರಡು ದಿನಕ್ಕೆ ಅಪ್ಪನ ಫೋನ್. ತಾತ ಹಸುವಿಗೆ ಬಕೆಟ್‌ನಲ್ಲಿ ನೀರು ತಗೊಂಡು ಹೋಗ್ತಾ ಎದೆ ಹಿಡಿದುಕೊಂಡು ಕೊಟ್ಟಿಗೆ ಬಾಗಿಲಲ್ಲೇ ಕೂತುಬಿಟ್ಟಿದ್ದರು. ಮಂಡ್ಯದಲ್ಲಿ ಮೂರು ದಿನ ಆಸ್ಪತ್ರೆ. ಹಾರ್ಟ್ ಅಟ್ಯಾಕ್ ಅಲ್ಲ, ಮೊದಲೇ ಇದ್ದ ಆಂಜೈನಾ ಜಾಸ್ತಿಯಾಗಿದೆ ಅಂದರಂತೆ. ಅಪ್ಪ ಮಾತ್ರೆ ಡಬ್ಬಿ ತೆಗೆದು ನೋಡಿದಾಗ ಉಳಿದೆಲ್ಲ ಸ್ಟ್ರಿಪ್ ಸರಿಯಾಗಿ ಖಾಲಿಯಾಗಿದ್ದವು, ಒಂದರಲ್ಲಿ ಮಾತ್ರ ಆರು ಗುಳಿ ಖಾಲಿ, ನಾಲ್ಕು ಹಾಗೇ ಇದ್ದವು. ಹೊಸ ಮಾತ್ರೆಯದ್ದು. ಹೆಸರು ನಿಕೊರಾಂಡಿಲ್.

ಶನಿವಾರ ಬಸ್ ಹತ್ತಿ ಹೋದೆ. ವಾರ್ಡ್‌ನಲ್ಲಿ ತಾತ ಎಂದಿನ ಹಾಗೇ ಕೂತಿದ್ದರು, ಟವೆಲ್ ಹೆಗಲ ಮೇಲೆ.

"ಯಾಕೆ ತಾತ ನಿಲ್ಲಿಸಿಬಿಟ್ಟೆ?"

"ನೀನೇ ಯೋಳಿದ್ದಲ್ಲವ್ವ, ಸೈಡ್ ಎಫೆಕ್ಟು ಅಂತ."

ನಮ್ಮೂರಿನ ಕಡೆ 'ಸೈಡ್ ಎಫೆಕ್ಟ್' ಅನ್ನೋದು ನಮ್ಮ ಪುಸ್ತಕದ ಸೈಡ್ ಎಫೆಕ್ಟ್ ಅಲ್ಲ. ಪಕ್ಕದ ಮನೆಯವರಿಗೆ ಯಾವುದೋ ನೋವಿನ ಮಾತ್ರೆ ತಿಂದು ತಿಂದು ಕಿಡ್ನಿ ಹಾಳಾಯಿತಲ್ಲ, ಅದು ಸೈಡ್ ಎಫೆಕ್ಟ್. ಮಾತ್ರೆ ಒಗ್ಗಲಿಲ್ಲ, ಮೈಗೆ ಕೆಟ್ಟದ್ದು ಮಾಡ್ತಿದೆ, ಬಿಡಬೇಕು ಅಂತ ಅರ್ಥ. ನಾನು 'ಕಾಮನ್, ಏನಾಗಲ್ಲ' ಅಂತಲೂ ಹೇಳಿದ್ದೆ ನಿಜ. ಆದರೆ ಇಂಜಿನಿಯರಿಂಗ್ ಓದೋ ಮೊಮ್ಮಗಳು ಸೈಡ್ ಎಫೆಕ್ಟ್ ಅಂದ ಮೇಲೆ ಮುಂದಿನ ಮಾತು ಸಮಾಧಾನಕ್ಕೆ ಹೇಳಿದ್ದು ಅಂತ ತಾತ ತಿಳಿದುಕೊಂಡರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿದುಕೊಳ್ತಿದ್ದೆನೇನೋ.

ಮಾತ್ರೆ ಬಿಟ್ಟಿದ್ದರಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲ ಅಂತ ಡಾಕ್ಟರು ಅಪ್ಪನಿಗೆ ಹೇಳಿದರು. ಬಿಟ್ಟಿದ್ದು ಒಳ್ಳೇದಂತೂ ಆಗಲಿಲ್ಲ ಅಂತಲೂ ಹೇಳಿದರು. ಅಪ್ಪ ನನಗೆ ಏನೂ ಬೈಯಲಿಲ್ಲ. ಅದೇ ಕಷ್ಟವಾಗಿದ್ದು.

ಹಾಸ್ಟೆಲ್‌ಗೆ ವಾಪಸ್ ಬಂದು ಆ ಮಾತ್ರೆ ಅಸಲಿಗೆ ಏನು ಮಾಡುತ್ತೆ ಅಂತ ಓದೋಕೆ ಕೂತೆ. ಮೊದಲೇ ಹೇಳಿಬಿಡ್ತೀನಿ, ನಾನು ಇಸಿ. ಪಿಯುನಲ್ಲಿ ಪಿಸಿಎಂಸಿ ತಗೊಂಡಿದ್ದೇ ಬಯಾಲಜಿ ಡಯಾಗ್ರಾಮ್‌ಗಳಿಂದ ತಪ್ಪಿಸಿಕೊಳ್ಳೋಕೆ. ರಕ್ತನಾಳ ಅಂದರೆ ಪಿವಿಸಿ ಪೈಪ್ ಥರ ಏನೋ ಒಂದು ಅಂತ ಅಂದುಕೊಂಡಿದ್ದವಳು. ಅದು ಪೈಪ್ ಅಲ್ಲ. ಅದರ ಗೋಡೆಯಲ್ಲಿ ಸುತ್ತಲೂ ಬಳೆ ಹಾಗೆ ಸ್ನಾಯು ಇದೆ, ಸ್ಮೂತ್ ಮಸಲ್. ಕನ್ನಡ ಮೀಡಿಯಂನಲ್ಲಿ ಓದಿದ ನನ್ನ ರೂಮ್‌ಮೇಟ್ 'ಅನೈಚ್ಛಿಕ ಸ್ನಾಯು' ಅಂತ ಓದಿದ್ದಾಳಂತೆ. ನಮ್ಮ ಇಚ್ಛೆಯ ಮಾತು ಕೇಳದ್ದು. ಇಂಗ್ಲಿಷ್ ಹೆಸರಿಗಿಂತ ಇದು ಎಷ್ಟೋ ವಾಸಿ. ಈ ಬಳೆ ಬಿಗಿಯಾದರೆ ನಾಳ ಸಣ್ಣದಾಗುತ್ತೆ, ಸಡಿಲವಾದರೆ ದೊಡ್ಡದು. ಫ್ಲೂಯಿಡ್ಸ್ ಓದಿದವರಿಗೆ ಪಾಯ್ಸೆಲ್ ಸಮೀಕರಣ ನೆನಪಿರುತ್ತೆ: ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕ ಹಾಗೆ. ಅಂದರೆ ತ್ರಿಜ್ಯ ಬರೀ 10% ಹೆಚ್ಚಾದರೆ ಹರಿವು 46% ಹೆಚ್ಚು. ಹೃದಯಕ್ಕೆ ರಕ್ತ ಸಾಲದೆ ಎದೆ ನೋಯುವ ಮನುಷ್ಯನಿಗೆ ಈ ಬಳೆ ಒಂದು ಚೂರು ಸಡಿಲವಾದರೂ ಲಾಭವೇ.

ಸಡಿಲ ಮಾಡೋದು ಹೇಗೆ? ಇಲ್ಲಿಂದ ವಿಷಯ ನಮ್ಮ ಬ್ರಾಂಚ್‌ಗೆ ಬರುತ್ತೆ. ಸ್ನಾಯು ಬಿಗಿಯಾಗೋಕೆ ಕ್ಯಾಲ್ಸಿಯಂ ಬೇಕು. ಆ ಕ್ಯಾಲ್ಸಿಯಂ ಜೀವಕೋಶದ ಪೊರೆಯಲ್ಲಿರುವ ಸಣ್ಣ ಬಾಗಿಲುಗಳಿಂದ ಒಳಗೆ ಬರುತ್ತೆ. ಬಾಗಿಲು ತೆರೆಯೋದು ಮುಚ್ಚೋದು ವೋಲ್ಟೇಜ್ ನೋಡಿಕೊಂಡು. ಕೋಶದ ಒಳಗಡೆ ಹೊರಗಿಗಿಂತ ನೆಗೆಟಿವ್, ರಕ್ತದ ಒತ್ತಡದಲ್ಲಿರುವ ನಾಳದ ಸ್ನಾಯುವಿನಲ್ಲಿ ಸುಮಾರು ಮೈನಸ್ 40 ಮಿಲಿವೋಲ್ಟ್. ಅಷ್ಟಕ್ಕೆ ಒಂದಿಷ್ಟು ಕ್ಯಾಲ್ಸಿಯಂ ಬಾಗಿಲುಗಳು ತೆರೆದಿರುತ್ತವೆ, ಹಾಗಾಗಿ ಸ್ನಾಯು ಯಾವಾಗಲೂ ಸ್ವಲ್ಪ ಬಿಗಿಯಾಗೇ ಇರುತ್ತೆ. ಇನ್ನೊಂದು ಹತ್ತು ಮಿಲಿವೋಲ್ಟ್ ನೆಗೆಟಿವ್ ಕಡೆ ಎಳೆದರೆ ಸಾಕು, ಬಾಗಿಲುಗಳು ಮುಚ್ಚಿಕೊಳ್ತವೆ, ಸ್ನಾಯು ಸಡಿಲ.

ಎಳೆಯೋರು ಯಾರು ಅಂದರೆ ಪೊಟ್ಯಾಸಿಯಂ. ಕೋಶದ ಒಳಗೆ ಪೊಟ್ಯಾಸಿಯಂ ಸುಮಾರು 140 ಮಿಲಿಮೋಲಾರ್, ಹೊರಗೆ ಸುಮಾರು 5. ಈ ವ್ಯತ್ಯಾಸವೇ ಒಂದು ಬ್ಯಾಟರಿ. ನರ್ನ್‌ಸ್ಟ್ ಸಮೀಕರಣಕ್ಕೆ ಹಾಕಿದರೆ ಹತ್ತಿರ ಹತ್ತಿರ ಮೈನಸ್ 90 ಮಿಲಿವೋಲ್ಟ್ ಬರುತ್ತೆ (ಕೆಮಿಸ್ಟ್ರಿ ಸೈಕಲ್‌ನಲ್ಲಿ ಉರು ಹೊಡೆದ ಸಮೀಕರಣ ಒಂದು ದಿನ ಇಷ್ಟು ಉಪಯೋಗಕ್ಕೆ ಬರುತ್ತೆ ಅಂದುಕೊಂಡಿರಲಿಲ್ಲ). ಪೊರೆಯಲ್ಲಿ ಪೊಟ್ಯಾಸಿಯಂಗೆ ಅಂತಲೇ ಬೇರೆ ಬಾಗಿಲುಗಳಿವೆ. ಅವು ತೆರೆದರೆ ಪೊಟ್ಯಾಸಿಯಂ ತನ್ನ ಪಾಸಿಟಿವ್ ಚಾರ್ಜ್ ಹೊತ್ತುಕೊಂಡು ಹೊರಗೆ ಹೋಗುತ್ತೆ, ಒಳಗೆ ಇನ್ನಷ್ಟು ನೆಗೆಟಿವ್ ಆಗುತ್ತೆ.

ಸರ್ಕ್ಯೂಟ್ ಬರೆದರೆ ಪೊರೆ ಒಂದು ಕೆಪಾಸಿಟರ್, ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಮೈಕ್ರೋಫ್ಯಾರಡ್. ಅದಕ್ಕೆ ಪ್ಯಾರಲಲ್ ಆಗಿ ಒಂದೊಂದು ಥರದ ಅಯಾನಿಗೆ ಒಂದೊಂದು ಶಾಖೆ, ಪ್ರತಿ ಶಾಖೆಯಲ್ಲಿ ಒಂದು ಬ್ಯಾಟರಿ, ಅದರ ಜೊತೆ ಸೀರೀಸ್‌ನಲ್ಲಿ ಬದಲಾಗೋ ರೆಸಿಸ್ಟರ್. ಇದನ್ನು ಮೊದಲು ಹೀಗೆ ಬರೆದು ಲೆಕ್ಕ ಹಾಕಿದವರು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ, 1952ರಲ್ಲಿ, ಸ್ಕ್ವಿಡ್ ಅನ್ನೋ ಸಮುದ್ರ ಪ್ರಾಣಿಯ ದಪ್ಪ ನರದ ಮೇಲೆ. ಕೇಂಬ್ರಿಡ್ಜ್‌ನ ಕಂಪ್ಯೂಟರ್ ಆಗ ರಿಪೇರಿಗೆ ನಿಂತಿತ್ತು, ಹಕ್ಸ್‌ಲಿ ಕೈಯಲ್ಲಿ ತಿರುಗಿಸೋ ಲೆಕ್ಕದ ಯಂತ್ರದಲ್ಲೇ ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸಿದರು. ನಾವು ಮ್ಯಾಟ್‌ಲ್ಯಾಬ್ ಓಪನ್ ಆಗೋಕೆ ಒಂದು ನಿಮಿಷ ತಗೊಂಡರೆ ಗೋಳಾಡ್ತೀವಿ.

ಈಗ ಆ ಸರ್ಕ್ಯೂಟ್‌ನ ನೋಡ್ ವೋಲ್ಟೇಜ್ ಎಷ್ಟು? ಹಲವು ಬ್ಯಾಟರಿ, ಹಲವು ರೆಸಿಸ್ಟರ್, ಎಲ್ಲ ಪ್ಯಾರಲಲ್. ಮಿಲ್‌ಮನ್ ಥಿಯರಂ! ನೆಟ್‌ವರ್ಕ್ಸ್ ಕ್ಲಾಸಿನಲ್ಲಿ "ಇದು ಯಾವ ಕರ್ಮಕ್ಕೆ" ಅಂತ ನಾನು ಹಿಂದಿನ ಬೆಂಚಿಗೆ ತಿರುಗಿ ಕೇಳಿದ್ದ ಅದೇ ಥಿಯರಂ. ಒಂದು ಶಾಖೆಯ ರೆಸಿಸ್ಟೆನ್ಸ್ ಕಡಿಮೆ ಮಾಡಿದರೆ ನೋಡ್ ವೋಲ್ಟೇಜ್ ಆ ಶಾಖೆಯ ಬ್ಯಾಟರಿ ಕಡೆ ವಾಲುತ್ತೆ. ನಿಕೊರಾಂಡಿಲ್ ಮಾಡೋದು ಅದೇ. ಪೊಟ್ಯಾಸಿಯಂ ಶಾಖೆಯ ರೆಸಿಸ್ಟೆನ್ಸ್ ಇಳಿಸುತ್ತೆ. ಅದರ ಜೊತೆ ನೈಟ್ರೇಟ್ ಥರ ಇನ್ನೊಂದು ದಾರಿಯಿಂದಲೂ ನಾಳ ಸಡಿಲಿಸುತ್ತೆ, ಅದನ್ನು ಇಲ್ಲಿಗೆ ಬಿಡೋಣ. ಜಪಾನಿನಲ್ಲಿ ಇದು 1984ರಿಂದ ಬಳಕೆಯಲ್ಲಿದೆ.

ಬರೀ ಕಾಗದದ ಮೇಲೆ ಸರ್ಕ್ಯೂಟ್ ಬರೆಯೋದು ಸರಿ, ಇಂಥ ಬಾಗಿಲು ನಿಜಕ್ಕೂ ಇದೆ ಅಂತ ಹೇಗೆ ಗೊತ್ತಾಯ್ತು ಅನ್ನೋದು ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ. ಜರ್ಮನಿಯ ಗಾಟಿಂಗನ್‌ನಲ್ಲಿ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ ಅನ್ನೋ ಇಬ್ಬರು ಗಾಜಿನ ಸಣ್ಣ ಕೊಳವೆ ಕಾಯಿಸಿ ಎಳೆದು, ತುದಿ ಮೈಕ್ರಾನ್ ಲೆಕ್ಕಕ್ಕೆ ಚೂಪಾಗಿಸಿ, ಅದನ್ನು ಕಪ್ಪೆಯ ಸ್ನಾಯುವಿನ ಮೇಲೆ ಒತ್ತಿ ಇಟ್ಟರು. ಆ ತುದಿಯ ಅಡಿ ಸಿಕ್ಕಿಕೊಂಡ ಒಂದೇ ಒಂದು ಚಾನೆಲ್ ತೆರೆದಾಗ, ಮುಚ್ಚಿದಾಗ ಹರಿಯುವ ಕರೆಂಟ್ ಅಳೆದರು. 1976ರಲ್ಲಿ. ಗ್ರಾಫ್ ನೋಡಿದರೆ ನಮ್ಮ ಡಿಜಿಟಲ್ ಲ್ಯಾಬ್‌ನ ಸ್ಕ್ವೇರ್ ವೇವ್ ಥರ ಇರುತ್ತೆ, ಮೇಲೆ ಕೆಳಗೆ, ಮೇಲೆ ಕೆಳಗೆ, ಸಮಯ ಮಾತ್ರ ಅಡ್ಡಾದಿಡ್ಡಿ. ಒಂದು ಪ್ರೋಟೀನ್ ಅಣು ಆನ್ ಆಫ್ ಆಗೋದನ್ನು ಕಣ್ಣಾರೆ ನೋಡೋದು ಅಂದರೆ ಏನು! 1991ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆ ಕರೆಂಟ್ ಪಿಕೋ ಆಂಪಿಯರ್ ಲೆಕ್ಕದ್ದು. ಅಳೆಯೋ ಸರ್ಕ್ಯೂಟ್ ನಾವು ಲ್ಯಾಬ್‌ನಲ್ಲಿ ಮಾಡೋದೇ, ಆಪ್‌ಆಂಪ್‌ನ ಕರೆಂಟ್ ಟು ವೋಲ್ಟೇಜ್ ಕನ್ವರ್ಟರ್. ಆದರೆ ನಾವು ಫೀಡ್‌ಬ್ಯಾಕ್‌ಗೆ 10 ಕಿಲೋ ಓಮ್ ಹಾಕ್ತೀವಿ, ಅವರು ಗಿಗಾ ಓಮ್ ಹಾಕ್ತಾರೆ. 1 ಪಿಕೋ ಆಂಪಿಯರ್‌ಗೆ 10 ಗಿಗಾ ಓಮ್ ಹಾಕಿದರೆ 10 ಮಿಲಿವೋಲ್ಟ್ ಸಿಗುತ್ತೆ. ನಮ್ಮ 741ರ ಇನ್‌ಪುಟ್‌ಗೆ ಸೋರೋ ಕರೆಂಟೇ ಸುಮಾರು 80 ನ್ಯಾನೋ ಆಂಪಿಯರ್, ಅಂದರೆ ಅಳೆಯಬೇಕಾದ್ದರ 80,000 ಪಟ್ಟು. ಕಾಲುವೆಯಲ್ಲಿ ಬಿದ್ದ ಒಂದು ಹನಿ ಅಳೆಯೋಕೆ ಹೊರಟ ಹಾಗೆ. ಹಾಗಾಗಿ 741 ಹಿಡ್ಕೊಂಡು ಯಾರೂ ಹೊರಡಬೇಡಿ.

ತಾತನ ಮಾತ್ರೆ ತೆರೆಯೋ ಚಾನೆಲ್‌ನ ಹೆಸರು ಕೆಎಟಿಪಿ. ಇದನ್ನು ಮೊದಲು ಕಂಡವರು ಜಪಾನಿನ ಅಕಿನೋರಿ ನೋಮಾ, 1983ರಲ್ಲಿ, ಹೃದಯದ ಸ್ನಾಯುವಿನಲ್ಲಿ. ಮರುವರ್ಷ ಇದೇ ಜಾತಿಯ ಚಾನೆಲ್ ಮೇದೋಜ್ಜೀರಕ ಗ್ರಂಥಿಯಲ್ಲೂ ಸಿಕ್ಕಿತು. ರಕ್ತನಾಳದ ಸ್ಮೂತ್ ಮಸಲ್‌ನಲ್ಲೂ ಇದು ಇದೆ, ನಾಳ ಸಡಿಲಿಸೋ ಕೆಲವು ಔಷಧಿಗಳು ಇದರ ಮೂಲಕವೇ ಕೆಲಸ ಮಾಡ್ತವೆ ಅಂತ ನಿಕ್ ಸ್ಟ್ಯಾಂಡನ್, ಮಾರ್ಕ್ ನೆಲ್ಸನ್ ಮತ್ತಿತರರು 1989ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಅವರು ಮಾಡಿದ್ದು ಸರಳ. ಕ್ರೋಮಕಾಲಿಮ್ ಅನ್ನೋ ಔಷಧಿ ಹಾಕಿದರು, ನಾಳ ಸಡಿಲವಾಯಿತು. ಆಮೇಲೆ ಗ್ಲಿಬೆನ್‌ಕ್ಲಮೈಡ್ ಹಾಕಿದರು, ಸಡಿಲಿಕೆ ನಿಂತುಹೋಯ್ತು.

ಇಲ್ಲಿ ನಾನು ಓದೋದು ನಿಲ್ಲಿಸಿ ಅಪ್ಪನಿಗೆ ಮೆಸೇಜ್ ಮಾಡಿದೆ, ಡಬ್ಬಿಯ ಫೋಟೋ ಕಳಿಸು ಅಂತ. ಯಾಕಂದರೆ ಗ್ಲಿಬೆನ್‌ಕ್ಲಮೈಡ್ ಅನ್ನೋದು ಶುಗರ್ ಮಾತ್ರೆ. ತಾತನಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ಫೋಟೋ ಬಂತು. ತಾತ ನುಂಗ್ತಿದ್ದದ್ದು ಗ್ಲಿಮೆಪಿರೈಡ್, ಅದೇ ಮನೆತನದ್ದು. ಅದು ಮೇದೋಜ್ಜೀರಕ ಗ್ರಂಥಿಯ ಕೆಎಟಿಪಿ ಚಾನೆಲ್ ಮುಚ್ಚುತ್ತೆ. ಅಲ್ಲಿ ಪೊಟ್ಯಾಸಿಯಂ ಹೊರಗೆ ಹೋಗದಿದ್ದರೆ ವೋಲ್ಟೇಜ್ ಏರುತ್ತೆ, ಕ್ಯಾಲ್ಸಿಯಂ ಒಳಗೆ ಬರುತ್ತೆ, ಇನ್ಸುಲಿನ್ ಹೊರಗೆ ಬೀಳುತ್ತೆ. ಒಂದೇ ಪ್ಲಾಸ್ಟಿಕ್ ಡಬ್ಬಿ, ಒಂದು ಕೋಣೆಯಲ್ಲಿ ಚಾನೆಲ್ ತೆರೆಯೋ ಮಾತ್ರೆ, ಪಕ್ಕದ ಕೋಣೆಯಲ್ಲಿ ಅದೇ ಜಾತಿಯ ಚಾನೆಲ್ ಮುಚ್ಚೋ ಮಾತ್ರೆ. ಎರಡೂ ಬೆಳಗಿನ ಕಾಫಿ ಹೊತ್ತಿನವು! ನನಗೆ ಒಂದು ಕ್ಷಣ ಕೈಕಾಲು ತಣ್ಣಗಾಯ್ತು.

ಗಾಬರಿ ಬೇಕಿರಲಿಲ್ಲ. ಎರಡೂ ಚಾನೆಲ್ ಅಣ್ಣತಮ್ಮಂದಿರ ಹಾಗೆ, ಆದರೆ ಒಬ್ಬರೇ ಅಲ್ಲ. ಪ್ರತಿ ಚಾನೆಲ್‌ನಲ್ಲಿ ಪೊಟ್ಯಾಸಿಯಂ ಹಾಯೋ ಕೊಳವೆ ಒಂದು ಭಾಗ, ಮಾತ್ರೆ ಬಂದು ಕೂರೋ ಹಿಡಿಕೆ ಇನ್ನೊಂದು ಭಾಗ. ಗ್ರಂಥಿಯಲ್ಲಿರೋ ಹಿಡಿಕೆಗೆ ಎಸ್‌ಯುಆರ್1 ಅಂತ ಹೆಸರು, ರಕ್ತನಾಳದಲ್ಲಿರೋದಕ್ಕೆ ಎಸ್‌ಯುಆರ್2ಬಿ. ನಿಕೊರಾಂಡಿಲ್‌ಗೆ ಎರಡನೇದೇ ಇಷ್ಟ. ಗ್ಲಿಮೆಪಿರೈಡ್ ಪ್ರಯೋಗಶಾಲೆಯಲ್ಲಿ ಎರಡಕ್ಕೂ ಅಂಟುತ್ತೆ, ಗ್ಲಿಕ್ಲಜೈಡ್ ಥರದವು ಮೊದಲನೆಯದಕ್ಕೆ ಮಾತ್ರ. ಹಾಗಾದರೆ ಗ್ಲಿಮೆಪಿರೈಡ್‌ನಿಂದ ಹೃದಯಕ್ಕೆ ತೊಂದರೆಯಾ ಅನ್ನೋ ಅನುಮಾನ ಸಂಶೋಧಕರಿಗೂ ಬಂದಿತ್ತು. ಕರೋಲಿನಾ ಅನ್ನೋ ದೊಡ್ಡ ಅಧ್ಯಯನದಲ್ಲಿ ಸುಮಾರು 6,000 ಜನರನ್ನು ವರ್ಷಗಟ್ಟಲೆ ನೋಡಿ, ಇನ್ನೊಂದು ಶುಗರ್ ಮಾತ್ರೆಗೆ ಹೋಲಿಸಿದರೆ ಹೃದಯದ ತೊಂದರೆಗಳಲ್ಲಿ ವ್ಯತ್ಯಾಸ ಇಲ್ಲ ಅಂತ 2019ರಲ್ಲಿ ವರದಿ ಮಾಡಿದರು. ಆದರೂ ನಾನು ಡಾಕ್ಟರನ್ನು ಕೇಳಿಸಿದೆ. ಎರಡನ್ನೂ ತಗೊಳ್ಳಲಿ ಅಂದರು.

ತಮಾಷೆ ಏನಂದರೆ ಬಹುತೇಕ ಕಡೆ ಮಾತ್ರೆ ಮೊದಲು, ಚಾನೆಲ್ ಆಮೇಲೆ. ಶುಗರ್ ಮಾತ್ರೆಯ ಈ ಮನೆತನ ಶುರುವಾಗಿದ್ದು 1942ರಲ್ಲಿ, ಫ್ರಾನ್ಸಿನಲ್ಲಿ ಟೈಫಾಯ್ಡ್‌ಗೆ ಅಂತ ಒಂದು ಸಲ್ಫಾ ಔಷಧಿ ಕೊಟ್ಟಾಗ ರೋಗಿಗಳ ಸಕ್ಕರೆ ಕುಸಿದದ್ದು ನೋಡಿ. ಯಾಕೆ ಅಂತ ಗೊತ್ತಾಗೋಕೆ ಇನ್ನೂ ನಲವತ್ತು ವರ್ಷ ಬೇಕಾಯ್ತು. ನಮ್ಮ ಹಾಸ್ಟೆಲ್‌ನ ನೆಚ್ಚಿನ ಔಷಧಿಯ ಕಥೆಯೂ ಅಷ್ಟೇ. ಹೌದು, ಮಿನಾಕ್ಸಿಡಿಲ್. ಬೋರ್ ನೀರಿಗೆ ಕೂದಲು ಉದುರುತ್ತೆ ಅಂತ ಬಾಯ್ಸ್ ಹಾಸ್ಟೆಲ್‌ನಲ್ಲಿ ರಾತ್ರಿ ತಲೆಗೆ ಹಚ್ಚಿಕೊಂಡು ಮಲಗೋರು ಎಷ್ಟು ಜನ ಅಂತ ನಾನು ಹೇಳಲ್ಲ, ಅವರಿಗೇ ಗೊತ್ತು. ಅದು ಅಮೆರಿಕದಲ್ಲಿ 1979ರಲ್ಲಿ ಬಂದಿದ್ದು ಬಿಪಿ ಮಾತ್ರೆಯಾಗಿ. ನುಂಗಿದವರಿಗೆ ಬಿಪಿ ಇಳಿಯಿತು, ಜೊತೆಗೆ ಮೈತುಂಬ ಕೂದಲು ಬಂತು. 1988ರಲ್ಲಿ ತಲೆಗೆ ಹಚ್ಚೋ ದ್ರವವಾಯಿತು. ಅದು ತೆರೆಯೋದೂ ಇದೇ ಕೆಎಟಿಪಿ ಚಾನೆಲ್. ಕಾಂಟು ಸಿಂಡ್ರೋಮ್ ಅಂತ ಹುಟ್ಟಿನಿಂದಲೇ ಬರೋ ಅಪರೂಪದ ಕಾಯಿಲೆ ಇದೆ, ಮಗುವಿಗೆ ಮೈಯೆಲ್ಲ ದಟ್ಟ ಕೂದಲು, ಹೃದಯ ದೊಡ್ಡದು. ಅವರ ವಂಶವಾಹಿ ಹುಡುಕಿದಾಗ 2012ರಲ್ಲಿ ಸಿಕ್ಕಿದ್ದು ಅದೇ ಎಸ್‌ಯುಆರ್2ರ ದೋಷ. ಆ ಚಾನೆಲ್ ಬೇಕಾದ್ದಕ್ಕಿಂತ ಹೆಚ್ಚು ತೆರೆದೇ ಇರುತ್ತೆ. ಹುಟ್ಟಿನಿಂದ ಮಿನಾಕ್ಸಿಡಿಲ್ ನುಂಗ್ತಾ ಇದ್ದ ಹಾಗೆ.

ಇನ್ನೂ ಒಂದು ಪೊಟ್ಯಾಸಿಯಂ ಚಾನೆಲ್ ಬಗ್ಗೆ ಹೇಳದೆ ಇರೋಕಾಗಲ್ಲ, ತಾತನ ಮಾತ್ರೆಗೆ ನೇರ ಸಂಬಂಧ ಇಲ್ಲದಿದ್ದರೂ. ಬಿಕೆ ಅಂತ. ಕ್ಯಾಲ್ಸಿಯಂ ಬಂದರೆ ಸ್ನಾಯು ಬಿಗಿಯಾಗುತ್ತೆ ಅಂದೆನಲ್ಲ. ಮಾರ್ಕ್ ನೆಲ್ಸನ್ ತಂಡ 1995ರಲ್ಲಿ ನೋಡಿದ್ದು ಏನಪ್ಪ ಅಂದರೆ, ಸ್ಮೂತ್ ಮಸಲ್ ಕೋಶದ ಒಳಗೆ ಪೊರೆಯ ಹತ್ತಿರ ಕ್ಯಾಲ್ಸಿಯಂ ಆಗಾಗ ಪುಟ್ಟ ಕಿಡಿಗಳ ಹಾಗೆ ಸಿಡಿಯುತ್ತೆ. ಆ ಕಿಡಿ ಇಡೀ ಸ್ನಾಯುವನ್ನು ಬಿಗಿ ಮಾಡುವಷ್ಟಿಲ್ಲ, ಆದರೆ ಪಕ್ಕದಲ್ಲೇ ಇರೋ ಬಿಕೆ ಚಾನೆಲ್‌ಗಳನ್ನು ತೆರೆಯೋಕೆ ಸಾಕು. ಪೊಟ್ಯಾಸಿಯಂ ಹೊರಗೆ, ವೋಲ್ಟೇಜ್ ಕೆಳಗೆ, ಸ್ನಾಯು ಸಡಿಲ! ಬಿಗಿ ಮಾಡೋ ಕ್ಯಾಲ್ಸಿಯಮ್ಮೇ ಸಡಿಲವೂ ಮಾಡುತ್ತೆ, ಎಲ್ಲಿ, ಎಷ್ಟು ಬಿಡುಗಡೆ ಆಯ್ತು ಅನ್ನೋದರ ಮೇಲೆ. ಇದಕ್ಕಿಂತ ಚೆನ್ನಾದ ನೆಗೆಟಿವ್ ಫೀಡ್‌ಬ್ಯಾಕ್ ಉದಾಹರಣೆ ನಮ್ಮ ಅನಲಾಗ್ ಪುಸ್ತಕದಲ್ಲಿ ಇಲ್ಲ.

ಸರಿ, ತಲೆನೋವು. ನಾನು ಯಾವುದನ್ನು ಸೈಡ್ ಎಫೆಕ್ಟ್ ಅಂತ ತಳ್ಳಿಬಿಟ್ಟೆನೋ ಅದು. ಡೆನ್ಮಾರ್ಕ್‌ನಲ್ಲಿ ಮೈಗ್ರೇನ್ ಇರೋ 16 ಜನರಿಗೆ ಕೆಎಟಿಪಿ ಚಾನೆಲ್ ತೆರೆಯೋ ಔಷಧಿಯೊಂದನ್ನು ಕೊಟ್ಟು ನೋಡಿದರು. 16 ಜನಕ್ಕೂ ಮೈಗ್ರೇನ್ ಬಂತು. ತಾತನಿಗೆ ಮೈಗ್ರೇನ್ ಇಲ್ಲ, ಮಾತ್ರೆಯೂ ಬೇರೆ, ಅದರ ನೈಟ್ರೇಟ್ ಭಾಗವೂ ತಲೆನೋವು ತರುತ್ತೆ. ಆದರೂ ವಿಷಯ ಒಂದೇ. ಮಾತ್ರೆಗೆ ಹೃದಯ ಯಾವುದು ತಲೆ ಯಾವುದು ಗೊತ್ತಿಲ್ಲ. ಎದೆಯಲ್ಲಿ ನಾಳ ಸಡಿಲಿಸಿದ ಹಾಗೇ ತಲೆಯಲ್ಲೂ ಸಡಿಲಿಸುತ್ತೆ. ಅದು ಪಕ್ಕದ ಪರಿಣಾಮ ಅಲ್ಲ, ಪರಿಣಾಮವೇ, ಬೇರೆ ಜಾಗದಲ್ಲಿ. ಸಣ್ಣ ಡೋಸ್‌ನಿಂದ ಶುರು ಮಾಡಿದರೆ ಬಹಳ ಜನರಿಗೆ ಕೆಲವು ದಿನಕ್ಕೆ ಒಗ್ಗಿಹೋಗುತ್ತೆ. ಡಾಕ್ಟರು ಈ ಸಲ 10 ಮಿಲಿಗ್ರಾಂ ಬದಲು 5ರಿಂದ ಶುರು ಮಾಡಿದ್ದರು.

ಇಷ್ಟೆಲ್ಲ ನನಗೆ ಇಂಗ್ಲಿಷ್‌ನಲ್ಲಿ ಅರ್ಥವಾಯ್ತು. ದಸರಾ ರಜೆಗೆ ಹೋಗಿ ತಾತನ ಎದುರು ಕೂತಾಗ ಒಂದು ವಾಕ್ಯ ಹೊರಡಲಿಲ್ಲ.

"ತಾತ, ರಕ್ತನಾಳದಲ್ಲಿ ಪೊಟ್ಯಾಸಿಯಂ ಚಾನೆಲ್ ಅಂತ..."

"ಟೀವಿ ಚಾನಲ್ಲಾ?"

"ಅಲ್ಲ ತಾತ. ಚಾನೆಲ್ ಅಂದ್ರೆ... ಕಾಲುವೆ."

"ಓ. ರಕ್ತ ಓಗೋ ಕಾಲ್ವೆ."

ಅದೂ ಅಲ್ಲ. ರಕ್ತ ಹೋಗೋ ಕಾಲುವೆಯ ಗೋಡೆಯಲ್ಲಿರೋ ಕೋಶದ ಪೊರೆಯಲ್ಲಿರೋ ಕಾಲುವೆ. ಅಜ್ಜಿ ಒಳಗಿಂದ "ಅವಳ ಮಾತು ಯಾರ್ಗೂ ತಿಳಿಯಾಕಿಲ್ಲ ಬುಡಿ" ಅಂದರು.

ತಾತ ನಮ್ಮೂರಿನ ನೀರುಗಂಟಿ ಆಗಿದ್ದವರು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಕೆರೆಯ ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ನೋಡಿಕೊಳ್ಳೋ ಕೆಲಸ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಇಷ್ಟು ಭತ್ತ ಅಂತ ಕೂಲಿ. ಅದಕ್ಕೇ ನಾನು ಕಾಲುವೆ ಬಿಟ್ಟು ತೂಬು ಅಂದೆ. ಮಾತ್ರೆ ತೂಬು ಎತ್ತುತ್ತೆ ತಾತ, ಅದರಿಂದ ನಾಳ ಸಡಿಲ ಆಗುತ್ತೆ ಅಂದೆ. ತಾತ ಒಪ್ಪಲಿಲ್ಲ.

"ತೂಬು ಎತ್ತುದ್ರೆ ನೀರು ಓಯ್ತದೆ. ನಾಳ ಯಾಕವ್ವ ಸಡ್ಲ ಆಯ್ತದೆ?"

ಅವರು ಕೇಳಿದ್ದು ಸರಿಯಾದ ಪ್ರಶ್ನೆ, ನಾನೇ ಒಂದು ಮೆಟ್ಟಿಲು ಹಾರಿಸಿದ್ದೆ. ಆಗ ನಿಧಾನಕ್ಕೆ ಹೇಳಿದೆ. ಎರಡು ಥರ ತೂಬು ಇವೆ ತಾತ. ಒಂದರಿಂದ ಬಿಗಿ ಮಾಡೋ ವಸ್ತು ಹೋಗುತ್ತೆ, ಆದರೆ ನೀರಿನ ಮಟ್ಟ ಮೇಲಿದ್ದರೆ ಮಾತ್ರ. ಇನ್ನೊಂದು ಮಟ್ಟ ಇಳಿಸೋದಕ್ಕೆ. ಮಾತ್ರೆ ಎತ್ತೋದು ಎರಡನೇದನ್ನ.

ತಾತ ಎಲೆಗೆ ಸುಣ್ಣ ಹಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂಗನ್ನು. ಕೋಡಿ ಕಲ್ಲು ತಗದಂಗೆ."

ಕೋಡಿ ಅಂದರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದು ಹೋಗೋ ಜಾಗ ಅಂತ ನನಗೆ ಗೊತ್ತಿತ್ತು. ಕಲ್ಲಿನದು ಗೊತ್ತಿರಲಿಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಕೋಡಿಗೆ ಕಲ್ಲು, ಮಣ್ಣು ಇಟ್ಟು ಒಂದೆರಡು ಅಡಿ ನೀರು ಜಾಸ್ತಿ ನಿಲ್ಲಿಸುತ್ತಿದ್ದರಂತೆ. ನಮ್ಮ ಕೆರೆಗೆ ಎರಡು ತೂಬು, ಒಂದು ಅಡಿಯಲ್ಲಿ, ಇನ್ನೊಂದು ಎತ್ತರದಲ್ಲಿ. ಕೋಡಿ ಕಲ್ಲು ತೆಗೆದರೆ ನೀರು ಇಳಿಯುತ್ತೆ. ಆಗ ಮೇಲ್ತೂಬನ್ನು ಯಾರೂ ಮುಚ್ಚಬೇಕಾಗಿಲ್ಲ, ಅದಕ್ಕೆ ನೀರೇ ಎಟುಕಲ್ಲ. "ಮೇಲ್ತೂಬಿನ ಗದ್ದೆಯೋರು ಜಗಳಕ್ಕೆ ಬರೋರು. ನಾನು ನಿಮ್ ತೂಬು ಮುಟ್ಟೇ ಇಲ್ಲ ಕಣ್ರಪ್ಪ ಅಂತಿದ್ದೆ" ಅಂತ ನಕ್ಕರು.

ನಾನು ಮೂರು ರಾತ್ರಿ ಓದಿದ್ದು ಇದೇ. ಪೊಟ್ಯಾಸಿಯಂ ಕೋಡಿ, ವೋಲ್ಟೇಜ್ ಮಟ್ಟ, ಕ್ಯಾಲ್ಸಿಯಂ ಮೇಲ್ತೂಬು. ದಿಕ್ಕು ಸ್ವಲ್ಪ ತಪ್ಪು, ಕ್ಯಾಲ್ಸಿಯಂ ಒಳಗೆ ಬರೋದು, ತೂಬಿನ ನೀರು ಹೊರಗೆ ಹೋಗೋದು. ಅದನ್ನು ಹೇಳೋಕೆ ಹೋಗಲಿಲ್ಲ. ನಮ್ಮ ನೆಟ್‌ವರ್ಕ್ಸ್ ಪುಸ್ತಕದಲ್ಲೂ ಕರೆಂಟ್ ಬಾಣ ಎಲೆಕ್ಟ್ರಾನ್‌ಗೆ ಉಲ್ಟಾನೇ ಇದೆ.

"ಅಂಗಾರೆ ಆ ಕಲ್ಲು ಯಾವಾಗ ತಗೀಬೇಕು ಅಂತ ಮಾತ್ರೆ ಇಲ್ದಾಗ ಯಾರು ಯೋಳ್ತಾರೆ? ನೀರುಗಂಟಿ ಯಾರು?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು, ಖುಷಿಯಾಯ್ತು. ಎಟಿಪಿ. ಕೋಶದ ಇಂಧನ. ಅದು ಬೇಕಾದಷ್ಟು ಇದ್ದಾಗ ಈ ಚಾನೆಲ್ ಮುಚ್ಚಿರುತ್ತೆ, ಕಡಿಮೆಯಾದಾಗ ತೆರೆಯುತ್ತೆ. ಹೆಸರಿನಲ್ಲೇ ಎಟಿಪಿ ಇರೋದು ಅದಕ್ಕೇ. ರಕ್ತ ಸಾಲದೆ ಕೋಶ ಹಸಿದರೆ ತಾನೇ ಕಲ್ಲು ತೆಗೆದುಕೊಂಡು ನಾಳ ಸಡಿಲಿಸಿ ಹೆಚ್ಚು ರಕ್ತ ತರಿಸಿಕೊಳ್ಳೋಕೆ ನೋಡುತ್ತೆ.

"ಕೊನೇ ಗದ್ದೆ ಒಣಗ್ತು ಅಂತ ಕೂಗಿದ್ಮೇಲೆ ಓಡೋದು" ಅಂದರು ತಾತ. ನಾಲೆಯ ಕೊನೆ ಭಾಗದ ರೈತರ ಜಗಳ ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಮಾತ್ರೆ ಮುಂಚೇನೇ ಓಗ್ತದೆ ಅನ್ನು. ಸರಿ. ತಲೆ ನೋವು?"

"ತಲೇಲೂ ಅದೇ ಕೋಡಿ ಇದೆ ತಾತ. ಅಲ್ಲೂ ಕಲ್ಲು ತೆಗಿಯುತ್ತೆ."

"ಅಷ್ಟೇನಾ? ಇದ ಆವತ್ತೇ ಯೋಳಬಾರದಾ?"

ನನಗೆ ಆವತ್ತು ಗೊತ್ತಿರಲಿಲ್ಲ ಅಂತ ಹೇಳಬಹುದಿತ್ತು. ಗೊತ್ತಿರಲಿಲ್ಲ ಅನ್ನೋದು ನಿಜ, ಆದರೆ ಗೊತ್ತಿದ್ದವಳ ಹಾಗೆ ಮಾತಾಡಿದ್ದೂ ನಿಜ. ಕ್ಯೂನಲ್ಲಿದ್ದೆ ತಾತ, ಪೂರಿ ಇತ್ತು ಅಂದೆ. ತಾತ ಜೋರಾಗಿ ನಕ್ಕರು, ಅಜ್ಜಿಯನ್ನು ಕರೆದು ಹೇಳಿದರು, ಅಜ್ಜಿ ನಗಲಿಲ್ಲ.

ಮೊನ್ನೆ ಮತ್ತೆ ಫೋನ್ ಬಂತು. ಉಂಡಾ, ಮಳೆ ಬಂತಾ, ಎರಡೂ ಆಯ್ತು. ಡಾಕ್ಟರು 5 ಇದ್ದದ್ದನ್ನು 10 ಮಾಡಿದ್ದಾರಂತೆ. ಎರಡು ದಿನ ತಲೆ ಗುಂಯ್ ಅಂತಂತೆ, ಈಗ ಇಲ್ಲವಂತೆ. ಪಕ್ಕದ ಮನೆಯವರು ಆ ಮಾತ್ರೆ ಹೀಟು ಅಂದಿದ್ದಕ್ಕೆ ತಾತ ಅವರನ್ನು ಜಗುಲಿ ಮೇಲೆ ಕೂರಿಸಿಕೊಂಡು ಮೇಲ್ತೂಬು, ಕೋಡಿ ಎಲ್ಲ ವಿವರಿಸಿದರಂತೆ. ಎಷ್ಟು ಸರಿಯಾಗಿ ಹೇಳಿದರೋ ಗೊತ್ತಿಲ್ಲ. ಕೊನೆಗೆ, "ಆ ಶುಗರ್ ಮಾತ್ರೆದು ಇನ್ನೊಂದ್ಸಲ ಯೋಳು, ಅದು ಯಾವ ಕೆರೇದು ಅಂದೆ?" ಅಂತ ಕೇಳಿದರು. ನಾನು ತಟ್ಟೆ ಮೇಜಿನ ಮೇಲಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.